ನೀರು ನೋಡುವ ಬೇನೆ

ಹುಲಿಗವ್ವನ ಮುಂದೆ ಯಾರಾದರೂ ಅನುದಾನ ಎಂಬ ಮಾತು ಎತ್ತಿದರೆ ಸಾಕು, ಸಿಟ್ಟು ಆಕೆಯ ಮೂಗಿನ ತುದಿಗೆ ಬಂದು ಕೂಡುತ್ತಿತ್ತು. ಓದು ಬರಹ ಬಾರದ ಹೆಂಗಸು. ದನದ ದವಾಖಾನೆಯಲ್ಲಿ ಕಸ ಗುಡಿಸುವುದು, ಸೂಜಿ ಕುದಿಸುವುದು, ಒದೆಯುವ ಎಮ್ಮೆಯ ಕಾಲು ಹಿಡಿಯುವುದು ಆಕೆಯ ನೌಕರಿ. ಇಂಥವಳಿಗೂ ಅನುದಾನಕ್ಕೂ ಏನು ಸಂಬಂಧ ಅಂತ ನಗಬೇಡಿ. ಹದಿನೈದು ವರ್ಷ ಅದರ ಬೆನ್ನು ಹತ್ತಿದವಳು ಆಕೆ. ಅದೂ ಎಮ್ಮೆಗಲ್ಲ, ಆಕಳಿಗಲ್ಲ, ಬೆಕ್ಕಿಗೆ.

ಹುಟ್ಟಿದ್ದು ಹನುಮಸಾಗರದ ಕಡೆ, ಮಳೆ ನಂಬಿದ ಸೀಮೆಯಲ್ಲಿ. ಗಂಡ ಯಮನೂರನಿಗೆ ಗಂಗಾವತಿಯ ಆಚೆ, ನೀರಾವರಿ ಬಂದ ಮೇಲೆ ಕಾಲುವೆ ದಂಡೆಗೆ ಎದ್ದ ಒಂದು ಕ್ಯಾಂಪಿನ ದನದ ದವಾಖಾನೆಯಲ್ಲಿ ಜವಾನಗಿರಿ ಸಿಕ್ಕಿತ್ತು. ಕೊಪ್ಪಳ ಬೇರೆ ಜಿಲ್ಲೆಯಾದ ವರ್ಷ ಆತ ಕಾಮಾಲೆಯಾಗಿ ತೀರಿಕೊಂಡ. ಅನುಕಂಪದ ಮೇಲೆ ಅವನ ಕೆಲಸ ಇವಳಿಗೆ ಬಂತು. ಬಂದ ದಿನ ಆಕೆ ಬೆರಗಾಗಿದ್ದು ನೀರಿಗಲ್ಲ, ಭತ್ತದ ಹಸಿರಿಗಲ್ಲ, ಬೆಕ್ಕುಗಳಿಗೆ. ಅವರ ಊರಲ್ಲಿ ಓಣಿಗೊಂದು ಬೆಕ್ಕು. ಇಲ್ಲಿ ಒಂದೊಂದು ಅಕ್ಕಿ ಗಿರಣಿಯಲ್ಲೂ ಹತ್ತು, ಹದಿನೈದು! ಭತ್ತದ ಚೀಲ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಬೆಕ್ಕು. ಗಿರಣಿಯ ಕಾವಲುಗಾರ ದಿನಾ ಮುಂಜಾನೆ ಹಾಲು ಕಲಸಿದ ಅನ್ನ ಹಾಕಬೇಕು, ಅದು ಅವನ ಕೆಲಸದಲ್ಲೇ ಒಂದು.

ಬೆಕ್ಕನ್ನು ಮಾರಬಾರದು, ಕೊಳ್ಳಲೂಬಾರದು ಎಂಬುದು ಆ ಕಡೆಯ ಕಟ್ಟಳೆ. ಯಾರಾದರೂ ತಂದು ಬಿಡಬೇಕು. ಹುಲಿಗವ್ವನ ಕೈಗುಣ ಛಲೋ ಅಂತ ಹೆಸರಾಯಿತು. ಆಕೆ ಬಿಟ್ಟ ಮರಿ ಓಡಿಹೋಗುವುದಿಲ್ಲ, ಇಲಿ ಹಿಡಿಯುವುದರಲ್ಲಿ ಹುಲಿ! ಎಲ್ಲಿ ಮರಿ ಹೆಚ್ಚಾದವೋ ಅಲ್ಲಿಂದ ಎತ್ತಿ, ದಾರಿ ಕಾಣದ ಹಾಗೆ ಗೋಣಿಚೀಲದಲ್ಲಿಟ್ಟು, ಎಲ್ಲಿ ಬೇಕೋ ಅಲ್ಲಿಗೆ ಒಯ್ಯುತ್ತಿದ್ದಳು. ಗಿರಣಿಯವರು ಒಂದು ಸೇರು ನುಚ್ಚು ಉಡಿಗೆ ಹಾಕುತ್ತಿದ್ದರು. ಮಕ್ಕಳಿಲ್ಲದ ಹೆಂಗಸಿಗೆ ಆ ಮರಿಗಳ ಮೇಲೆ ಜೀವ.

ತೊಂಬತ್ತೊಂಬತ್ತರ ಸುಗ್ಗಿ ಮುಗಿದ ಮೇಲೆ ಕೆಂಪು ಗೇಟಿನ ಗಿರಣಿಯಲ್ಲಿ ಎಂಟು ದಿನದಲ್ಲಿ ಹನ್ನೊಂದು ಬೆಕ್ಕು ಸತ್ತವು. ಎಲ್ಲ ಸತ್ತದ್ದು ಒಂದೇ ರೀತಿ. ಎರಡು ದಿನ ವಾಂತಿ. ಆಮೇಲೆ ನೀರಿನ ಬೋಗುಣಿಯ ಮುಂದೆ ಬಂದು, ತಲೆ ಬಗ್ಗಿಸಿ ಕೂಡುತ್ತಿದ್ದವು. ಬಾಯಾರಿಕೆ ಇದೆ, ಎದುರಿಗೆ ನೀರಿದೆ, ಒಂದು ಗುಟುಕೂ ಕುಡಿಯಲಾರವು. ಹಾಗೇ ಕೂತು ಕೂತು ಉರುಳುತ್ತಿದ್ದವು. ಗಿರಣಿಯ ಹೆಂಗಸರು ಅದಕ್ಕೆ ನೀರು ನೋಡುವ ಬೇನೆ ಎಂದು ಹೆಸರಿಟ್ಟರು.

ಹೆಂಗಸರು ಬೇನೆ ಎಂದದ್ದು ಮಾಲೀಕ ವೆಂಕೋಬ ಶೆಟ್ಟರ ಕಣ್ಣಿಗೆ ವಿಷವಾಗಿ ಕಂಡಿತು. ಬೆಕ್ಕು ಕೊಂದ ಪಾಪಕ್ಕೆ ಬಂಗಾರದ ಬೆಕ್ಕು ಮಾಡಿಸಿ ಕಾಶಿಗೆ ಕೊಟ್ಟರೂ ಸಾಲದು ಅನ್ನುತ್ತಾರಲ್ಲ, ಹನ್ನೊಂದು ಬೆಕ್ಕಿನ ಪಾಪ ತಮ್ಮ ಗಿರಣಿಗೆ ಸುತ್ತಿಕೊಂಡಿತು ಅಂತ ಅವರು ನಡುಗಿಹೋದರು. ಅನ್ನ ಹಾಕುವವನು ಒಬ್ಬನೇ, ಕಾವಲುಗಾರ ರಾಜಾಸಾಬ. ಹಾಗಾದರೆ ವಿಷ ಹಾಕಿದವನೂ ಅವನೇ! ಎಂಥ ನ್ಯಾಯ ನೋಡಿ. ಹಮಾಲರು, ಹೆಂಗಸರು, ಭತ್ತ ತಂದ ರೈತರು ಎಲ್ಲ ನಿಂತಿದ್ದಾಗ ಗೇಟಿನ ಮುಂದೆಯೇ "ಪಾಪಿ, ಬೆಕ್ಕು ಕೊಂದವನ" ಎಂದು ಬೈದು ಅವನನ್ನು ಹೊರಗೆ ಹಾಕಿದರು. ಅವನು ಕಣ್ಣೀರು ಹಾಕುತ್ತ "ನನ್ನ ಬುತ್ತಿ ಅನ್ನ ಹಾಕಿ ಸಾಕೀನ್ರೀ ಅವನ್ನ" ಎಂದದ್ದು ಯಾರ ಕಿವಿಗೂ ಬೀಳಲಿಲ್ಲ.

ಹುಲಿಗವ್ವನ ಕಿವಿಗೆ ಬಿತ್ತು. ಆಕೆ ಸೀದಾ ಶೆಟ್ಟರ ಗಾದಿಯ ಮುಂದೆ ಹೋಗಿ ನಿಂತಳು.

"ಅವ ವಿಷ ಹಾಕಿಲ್ರಿ ಶೆಟ್ರ. ವಿಷ ತಿಂದ ಬೆಕ್ಕು ಒದ್ದಾಡಿ ಸಾಯ್ತೈತಿ. ಇವು ನೀರು ನೋಡ್ಕೋತ ಸತ್ತಾವ. ಸೇತುವಿ ಹತ್ರದ ಗಿರಣ್ಯಾಗೂ ಹಿಂಗ ಸತ್ತಾವ. ಅಲ್ಲೇನು ರಾಜಾಸಾಬ ಇದ್ನೇನ್ರಿ? ಇದು ಬ್ಯಾನಿ ಐತಿ."

"ಕಸಬರಿಗಿ ಹಿಡಿಯಾಕಿ ನೀ ಯಾವಾಗ ಡಾಕ್ಟರಾದಿ?" ಎಂದರು ಶೆಟ್ಟರು. "ಬ್ಯಾನಿ ಅಂತ ಡಾಕ್ಟರ್ ಕಡಿಂದ ಬರಸ್ಕೊಂಡು ಬಾ. ಅವತ್ತ ಅವನ್ನ ನಾನ ಕರದು ಕೆಲಸಕ್ಕ ಇಟ್ಕೋತೀನಿ, ಹೋಗು."

ಒಂದು ಕಾಗದ. ಅಷ್ಟೇ ತಾನೇ ಎಂದುಕೊಂಡು ಆಕೆ ದವಾಖಾನೆಗೆ ಬಂದಳು. ರಾಜಾಸಾಬನಿಗೂ ಹೇಳಿದಳು, "ತಡಿಯೋ ತಮ್ಮಾ, ಎಂಟು ದಿನದಾಗ ನಿನ್ನ ಹೆಸರು ತೊಳದು ಕೊಡ್ತೀನಿ." ಆದರೆ ಬೆಕ್ಕು ಕೊಂದವನಿಗೆ ಯಾವ ಗಿರಣಿಯೂ ಬಾಗಿಲು ತೆರೆಯಲಿಲ್ಲ. ಎರಡು ತಿಂಗಳು ನೋಡಿ ಅವನು ಹೆಂಡತಿ ಹಸೀನಾಬೇಗಂಳ ತವರು ತಾವರಗೇರಾಕ್ಕೆ ಗಂಟುಮೂಟೆ ಕಟ್ಟಿದ.

ಆಗ ಇದ್ದ ಡಾಕ್ಟರು ಗೋವಿಂದರಾಜ ಒಳ್ಳೆಯ ಮನುಷ್ಯರು. "ನನಗೂ ಬ್ಯಾನಿ ಅಂತನ ಅನಸ್ತೈತಿ ಹುಲಿಗವ್ವ. ಅನಸ್ತೈತಿ ಅಂತ ಸಹಿ ಹಾಕಾಕ ಬರ್ತೈತೇನು? ಪರೀಕ್ಷಾ ಆಗ್ಬೇಕು. ಪರೀಕ್ಷಾಕ್ಕ ರೊಕ್ಕ ಬೇಕು, ರೊಕ್ಕಕ್ಕ ಯೋಜನಾ ಬೇಕು. ದನಕ್ಕೈತಿ, ಕುರಿಗೈತಿ, ಕೋಳಿಗೈತಿ. ಬೆಕ್ಕಿಗಿಲ್ಲ" ಎಂದರು. ಆದರೂ ಕೂತು, ಗಿರಣಿ ಬೆಕ್ಕುಗಳ ರೋಗದ ಸಂಶೋಧನೆಗೆ ಅನುದಾನ ಕೊಡಿ ಅಂತ ನಾಲ್ಕು ಪುಟದ ಪ್ರಸ್ತಾವನೆ ಬರೆದು ಮೇಲಿನ ಕಚೇರಿಗೆ ಕಳಿಸಿದರು.

ಏಳು ತಿಂಗಳಾದ ಮೇಲೆ ಅದು ತಿರುಗಿ ಬಂತು. 'ಸದರಿ ಪ್ರಾಣಿಯು ಜಾನುವಾರುಗಳ ಪಟ್ಟಿಯಲ್ಲಿ ಬರುವುದಿಲ್ಲ.'

"ನಾಯಿ ಬರ್ತೈತೇನ್ರಿ ಪಟ್ಟ್ಯಾಗ?" ಎಂದು ಕೇಳಿದಳು ಹುಲಿಗವ್ವ.

"ಬರ್ತೈತಿ. ಹುಚ್ಚು ಹಿಡಿದ್ರ ಮಂದಿಗೆ ಕಡಿತೈತಲ್ಲ."

"ಹಂಗಾರ ಆ ಕಚೇರಿ ಸಾಹೇಬ್ರನ್ನ ಒಂದು ಬೆಕ್ಕು ಕಡದ್ರ ಪಟ್ಟಿಗೆ ಸೇರಸ್ತಾರ ಅನ್ರಿ!"

ಡಾಕ್ಟರು ನಕ್ಕು ಮತ್ತೆ ಬರೆದರು. ಈ ಸಲ ಬಂದ ಪ್ರಶ್ನೆ: ಸಂಶೋಧನೆಯಿಂದ ಹಾಲು, ಮಾಂಸ, ಉಣ್ಣೆ ಅಥವಾ ಮೊಟ್ಟೆಯ ಉತ್ಪಾದನೆ ಎಷ್ಟು ಹೆಚ್ಚುತ್ತದೆ, ನಮೂದಿಸಿ. ಹುಲಿಗವ್ವ ಎದ್ದು ಹೊರಟಳು. ಬೆಕ್ಕು ಸತ್ತ ಗಿರಣಿಯೊಂದಕ್ಕೆ ಹೋಗಿ ಇಲಿ ಕಡಿದು ಜಾಲರಿಯಾದ ಚೀಲ ತಂದು ಮೇಜಿನ ಮೇಲೆ ಒಗೆದಳು. "ಇದನ್ನ ಲಕೋಟ್ಯಾಗ ಹಾಕಿ ಕಳಸ್ರಿ. ಇದ ಅದರ ಹಾಲು, ಇದ ಉಣ್ಣಿ." ಗೋವಿಂದರಾಜರಿಗೂ ಎಲ್ಲೋ ಸಿಟ್ಟು ಬಂದಿತ್ತೇನೋ, ನಿಜವಾಗಿಯೂ ಒಂದು ತುಂಡು ಕತ್ತರಿಸಿ, ಗುಂಡುಪಿನ್ನು ಚುಚ್ಚಿ ಕಳಿಸಿಯೇ ಬಿಟ್ಟರು. ಉತ್ತರ ಬಂತು. 'ಪತ್ರದೊಂದಿಗೆ ಗೋಣಿಯ ತುಂಡು ಒಂದು ಬಂದಿದ್ದು, ಉದ್ದೇಶವನ್ನು ಸ್ಪಷ್ಟಪಡಿಸುವುದು.'

ಏನನ್ನಬೇಕು ಇಂಥವರಿಗೆ? ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಮೂರನೆಯ ಸಲ ಅರ್ಧ ಖರ್ಚನ್ನು ಗಿರಣಿಯವರು ಹಾಕುವುದಾದರೆ ಉಳಿದರ್ಧ ನೋಡೋಣ ಎಂದರು. ಹುಲಿಗವ್ವ ಗಿರಣಿಯವರ ಸಭೆಗೆ ಹೋದಳು. ಅಷ್ಟರಲ್ಲಿ ವೆಂಕೋಬ ಶೆಟ್ಟರು ಪಾಪ ಕಳೆಯಲೆಂದು ಬೆಳ್ಳಿಯ ಬೆಕ್ಕೊಂದನ್ನು ಮಾಡಿಸಿ ದಾನ ಕೊಟ್ಟಾಗಿತ್ತು. "ಬೆಕ್ಕಿನ ಪರೀಕ್ಷಾಕ್ಕ ಯಾಕ ರೊಕ್ಕ? ಒಂದು ಸತ್ರ ಇನ್ನೊಂದು. ತಂದು ಬಿಡಾಕ ಹುಲಿಗವ್ವ ಅದಾಳಲ್ಲ" ಎಂದರು ಅವರು. ಸಭೆಯೆಲ್ಲ ನಕ್ಕಿತು.

"ಬೆಳ್ಳಿ ಬೆಕ್ಕಿಗೆ ರೊಕ್ಕ ಐತಿ, ಜೀಂವ ಇರೋ ಬೆಕ್ಕಿಗಿಲ್ಲ. ನಿಮ್ಮ ಪುಣ್ಯೇಕ್ಕಿಷ್ಟು ಬೆಂಕಿ ಹಾಕ" ಎಂದು ಬೈದು ಎದ್ದು ಬಂದಳು. ಆ ವರ್ಷವೇ ಗೋವಿಂದರಾಜರಿಗೆ ವರ್ಗವಾಯಿತು.

ಆಮೇಲೆ ಬಂದ ಪ್ರತಿ ಡಾಕ್ಟರಿಗೂ ಹುಲಿಗವ್ವ ಮೊದಲ ದಿನವೇ ಚಹಾದ ಜೊತೆ ಈ ಕತೆ ಹೇಳುತ್ತಿದ್ದಳು. ಒಬ್ಬರು ಆಕಳಿಸಿದರು, ಒಬ್ಬರು ನಿನಗೆ ಬೇರೆ ಕೆಲಸ ಇಲ್ಲವೇ ಎಂದರು. ಬೇನೆ ಮಾತ್ರ ಎರಡು ವರ್ಷಕ್ಕೊಮ್ಮೆ, ಮೂರು ವರ್ಷಕ್ಕೊಮ್ಮೆ ಯಾವುದೋ ಗಿರಣಿಗೆ ಬರುತ್ತಲೇ ಇತ್ತು. ಖಾಲಿಯಾದ ಗಿರಣಿಗೆ ಆಕೆ ಮತ್ತೆ ಮರಿ ಒಯ್ದು ಬಿಡುತ್ತಿದ್ದಳು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಎರಡು ಸಾವಿರದ ಏಳರಲ್ಲಿ ಯಲಬುರ್ಗಾದ ಕಡೆಯ ಡಾಕ್ಟರು ಗ್ಯಾನಪ್ಪ ಒಂದು ದಾರಿ ಕಂಡುಹಿಡಿದರು. ಕುರಿ ಲಸಿಕೆಯ ಬಾಬ್ತಿನಲ್ಲಿ ಒಂದಿಷ್ಟು ಹಣ ಮಿಕ್ಕಿತ್ತು. ಮಾರ್ಚ್ ಮೂವತ್ತೊಂದರೊಳಗೆ ಖರ್ಚಾಗಬೇಕು, ಇಲ್ಲದಿದ್ದರೆ ವಾಪಸು. ಅದರಲ್ಲೇ ಬೆಕ್ಕಿನ ಪರೀಕ್ಷೆ ಮಾಡಿಸಲು ಹೇಗೋ ಒಪ್ಪಿಗೆ ತಂದರು. ಸತ್ತ ಬೆಕ್ಕನ್ನು ಅದೇ ದಿನ ಬರ್ಫಿನಲ್ಲಿಟ್ಟು ಪ್ರಯೋಗಾಲಯಕ್ಕೆ ಕಳಿಸಬೇಕು. ಮಾರ್ಚಿನಲ್ಲೇ ಎರಡು ಗಿರಣಿಗೆ ಬೇನೆ ಬಂತು. ಹುಲಿಗವ್ವ ಗಿರಣಿ ಗಿರಣಿ ಸುತ್ತಿ, ಸತ್ತ ಬೆಕ್ಕನ್ನು ಹೂಳಬೇಡಿ, ನನಗೆ ಕೊಡಿ ಎಂದು ಹೇಳಿದಳು. ತಾವರಗೇರಾಕ್ಕೂ ಹೇಳಿ ಕಳಿಸಿದಳು, ಈ ಸಲ ನಿನ್ನ ಕಾಗದ ಬರ್ತೈತಿ ಬಾ ಅಂತ.

ಒಂಬತ್ತು ಬೆಕ್ಕು ಬಂದವು. ಮಂದಿ ಪಾಪಭೀರುಗಳು ನೋಡಿ, ಒಂದೊಂದಕ್ಕೂ ಹೊಸ ಬಟ್ಟೆ ಸುತ್ತಿ, ಅರಿಶಿಣ ಕುಂಕುಮ ಹಚ್ಚಿ, ಮೈತುಂಬ ಉಪ್ಪು ಹಾಕಿ ತಂದಿದ್ದರು. ಬೆಕ್ಕನ್ನು ಉಪ್ಪಿಲ್ಲದೆ ಸಾಗಹಾಕಿದರೆ ದೋಷ ಸುತ್ತಿಕೊಳ್ಳುತ್ತದೆ ಅಂತ ಕಟ್ಟಳೆ. ಹೊಟ್ಟೆಯ ಅಡಿಗೂ ಬಾಯಿಗೂ ಹರಳುಪ್ಪು! ಉಪ್ಪು ಬೇಡ ಎಂದು ಹೇಳಬೇಕೆಂಬುದು ಹುಲಿಗವ್ವನಿಗೆ ಹೊಳೆಯಲೇ ಇಲ್ಲ. ಹೊಳೆಯುವುದಾದರೂ ಹೇಗೆ, ಒಂಬತ್ತನೆಯದಕ್ಕೆ ಎರಡು ಬೊಗಸೆ ಉಪ್ಪು ಹಾಕಿದ್ದು ಆಕೆಯೇ. ಗ್ಯಾನಪ್ಪನವರು ಕೊಪ್ಪಳದಲ್ಲಿ ಮೀಟಿಂಗಿಗೆ ಹೋಗಿದ್ದರು. ಪೆಟ್ಟಿಗೆ ಮುಚ್ಚಿ ಕಳಿಸಿದ್ದೂ ಆಕೆಯೇ.

ಪ್ರಯೋಗಾಲಯದಿಂದ ಫೋನು ಬಂದ ದಿನ ರಾಜಾಸಾಬ ದವಾಖಾನೆಯ ಬೇವಿನ ಗಿಡದ ಕೆಳಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೂತಿದ್ದ. ಉಪ್ಪು ಒಳಗಿನ ನೀರನ್ನೆಲ್ಲ ಹೀರಿ ಕರುಳು ಚಕ್ಕಳವಾಗಿತ್ತಂತೆ, ಪರೀಕ್ಷೆಗೆ ಯೋಗ್ಯವಲ್ಲವಂತೆ. "ಉಪ್ಪಿನಕಾಯಿ ಹಾಕಿ ಕಳ್ಸೀರೇನು ಅಂತ ಕೇಳಾಕತ್ಯಾರ" ಎಂದು ಗ್ಯಾನಪ್ಪನವರು ಫೋನು ಕುಕ್ಕಿದರು. ನಾಲ್ಕು ದಿನಕ್ಕೆ ಮಾರ್ಚ್ ಮುಗಿಯಿತು, ಹಣ ವಾಪಸು ಹೋಯಿತು. ಹುಲಿಗವ್ವ ಹಣೆ ಹಣೆ ಬಡಿದುಕೊಂಡು ಅತ್ತಳು.  ರಾಜಾಸಾಬ ಚಹಾ ಮುಟ್ಟದೆ ಎದ್ದು ಬಸ್‌ಸ್ಟ್ಯಾಂಡಿಗೆ ನಡೆದ.

ಬೇರೆಯವಳಾಗಿದ್ದರೆ ಅಲ್ಲಿಗೆ ಬಿಡುತ್ತಿದ್ದಳು. ಇವಳು ಬಿಡಲಿಲ್ಲ. ಎರಡು ಸಾವಿರದ ಹದಿಮೂರರಲ್ಲಿ, ನಿವೃತ್ತಿಗೆ ಒಂದು ವರ್ಷ ಇರುವಾಗ, ಶ್ವೇತಾ ಎಂಬ ಹುಡುಗಿ ಬಂದಳು. ಹಾವೇರಿ ಕಡೆಯವಳು, ಪಶುವೈದ್ಯದಲ್ಲಿ ದೊಡ್ಡ ಓದು ಓದುತ್ತಿದ್ದವಳು. ಬೆಕ್ಕುಗಳ ಮೇಲೆ ಸಂಶೋಧನೆ ಮಾಡಲು ಆಕೆಗೆ ಹಣ ಕೊಟ್ಟದ್ದು ಸರ್ಕಾರವಲ್ಲ. ಯಾರೋ ಒಬ್ಬ ನಿವೃತ್ತ ಶಾಲಾ ಟೀಚರಮ್ಮ, ತಮ್ಮ ಸತ್ತುಹೋದ ಬೆಕ್ಕು ಪುಟ್ಟಿಯ ಹೆಸರಿನಲ್ಲಿ ಇಟ್ಟ ಸಣ್ಣ ನಿಧಿ. ಕೇಳಿ ಹುಲಿಗವ್ವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಇಷ್ಟು ದೊಡ್ಡ ಸರ್ಕಾರದ ಕೈಲಿ ಆಗದ್ದು ಒಂದು ಮುದುಕಿ ಕೈಲಿ ಆತು ನೋಡು ಯವ್ವಾ" ಎಂದಳು.

ಈ ಸಲ ಆಕೆ ಗಿರಣಿ ಸುತ್ತಿದ್ದು ಬೇರೆಯೇ ರೀತಿಯಲ್ಲಿ. "ಸತ್ತ ಬೆಕ್ಕಿನ ಹತ್ರ ಯಾರರೆ ಉಪ್ಪಿನ ಡಬ್ಬಿ ತಂದ್ರ ಕೈ ಮುರೀತೀನಿ, ದೋಷ ಬಂದ್ರ ನನಗ ಬರ್ಲಿ!" ಹದಿನಾಲ್ಕು ಬೆಕ್ಕು ಬರ್ಫಿನಲ್ಲಿ ಹೋದವು. ಮುಂದಿನ ಮುಂಗಾರಿನ ಹೊತ್ತಿಗೆ ಫಲಿತಾಂಶ ಬಂತು. ವಿಷವಲ್ಲ. ಬೆಕ್ಕುಗಳಿಗೆ ಬರುವ ಒಂದು ವೈರಸ್ ರೋಗ. ಹುಲಿಗವ್ವ ದವಾಖಾನೆಯ ಅಂಗಳದಲ್ಲಿ ನಿಂತು "ನಾ ಹೇಳಿದ್ನೋ ಇಲ್ಲೋ! ನಾ ಹೇಳಿದ್ನೋ ಇಲ್ಲೋ!" ಎಂದು ಕೂಗಿದ್ದು ರಸ್ತೆಗೆ ಕೇಳಿತು.

ಶ್ವೇತಾ ಅಷ್ಟು ಖುಷಿಯಾಗಿರಲಿಲ್ಲ. ಅದು ಗಿರಣಿಯಿಂದ ಗಿರಣಿಗೆ ಹೇಗೆ ಹೋಯಿತು ಎಂಬುದನ್ನೂ ಆಕೆ ಬರೆಯಬೇಕಿತ್ತು. ವಾರಗಟ್ಟಲೆ ಹುಲಿಗವ್ವನನ್ನೇ ಕೂಡಿಸಿಕೊಂಡು, ಬೇನೆ ಬರುವ ಹತ್ತು ದಿನ ಮೊದಲು ಅಲ್ಲಿಗೆ ಯಾರು ಬಂದಿದ್ದರು, ಏನು ತಂದಿದ್ದರು ಎಂದು ಕೇಳಿ ಬರೆದುಕೊಂಡಿದ್ದಳು. ಹುಲಿಗವ್ವನಿಗೆ ಎಲ್ಲ ನೆನಪು. ಹಬ್ಬ ಹಿಡಿದು, ಅಮಾವಾಸ್ಯೆ ಹಿಡಿದು ಪಟಪಟ ಹೇಳಿದ್ದಳು. ಈಗ ಶ್ವೇತಾ ಆ ಹಾಳೆ ಮುಂದಿಟ್ಟುಕೊಂಡು ತಲೆ ಎತ್ತದೆ ಮಾತಾಡಿದಳು.

"ಅವ್ವಾ, ಈ ರೋಗ ಗೋಣಿಚೀಲದಾಗ, ಸೀರ್ಯಾಗ, ಕೈಯಾಗ ತಿಂಗಳಾನುಗಟ್ಟಲೆ ಇರ್ತೈತಿ. ನೀರಾಗ ತೊಳದ್ರ ಹೋಗೂದಿಲ್ಲ. ನೀನು ಬ್ಯಾನಿ ಬಂದಲ್ಲಿಂದ ಮರಿ ತಂದು..."

ಮುಂದೆ ಹೇಳುವುದು ಬೇಕಾಗಲಿಲ್ಲ. ಹುಲಿಗವ್ವನಿಗೆ ತೊಂಬತ್ತೊಂಬತ್ತರ ಸುಗ್ಗಿ ಕಣ್ಣಿಗೆ ಕಟ್ಟಿತು. ಸೇತುವೆ ಹತ್ತಿರದ ಗಿರಣಿಯಲ್ಲಿ ಬೆಕ್ಕೆಲ್ಲ ಸತ್ತು ಎರಡು ಮರಿ ಉಳಿದಿದ್ದವು. ತಾಯಿ ಇಲ್ಲದ ಕೂಸುಗಳು ಎಂದು ಮರುಗಿ, ಆಕೆಯೇ ಅವನ್ನು ಕೆಂಪು ಗೇಟಿಗೆ ಒಯ್ದು ಬಿಟ್ಟಿದ್ದಳು. ರಾಜಾಸಾಬನ ಕೈಗೇ ಕೊಟ್ಟಿದ್ದಳು. ಅದಾದ ವಾರಕ್ಕೆ ಸಾವು ಶುರುವಾಗಿತ್ತು. ಭೂಮಿ ಬಾಯಿ ಬಿಟ್ಟರೆ ಒಳಗೆ ಹೋದೇನು ಅನಿಸಿತು ಆಕೆಗೆ.

"ನಿನ್ನ ಹೆಸರು ಬರಿಯೂದಿಲ್ಲವ್ವಾ. ಸ್ಥಳೀಯರು ಅಂತ ಬರಿತೀನಿ" ಎಂದಳು ಶ್ವೇತಾ.

"ಸ್ಥಳೀಯರು ಅಂದ್ರ ಯಾರು? ರಾಜಾಸಾಬನೂ ಸ್ಥಳೀಯನ. ಮತ್ತ ಅವನ ತಲಿಗೇ ಬರ್ತೈತಿ. ನನ್ನ ಹೆಸರು ಬರಿ. ದೊಡ್ಡದಾಗಿ ಬರಿ."

ವರದಿಯ ಪ್ರತಿ ಹಿಡಿದು ಆಕೆ ಕನಕಗಿರಿ ಮೇಲಿನ ಬಸ್ಸಿಗೆ ತಾವರಗೇರಾಕ್ಕೆ ಹೋದಳು. ರಾಜಾಸಾಬ ಈಗ ಸಂತೆಯಲ್ಲಿ ಹಗ್ಗ ಮಾರುತ್ತಿದ್ದ, ಗಡ್ಡ ಬೆಳ್ಳಗಾಗಿತ್ತು. ಹುಲಿಗವ್ವ ಕೂಡದೆ, ನೀರು ಮುಟ್ಟದೆ, ನಿಂತೇ ಎಲ್ಲ ಹೇಳಿದಳು. ವಿಷ ಅಲ್ಲ ಎಂಬುದನ್ನೂ ಹೇಳಿದಳು, ಗೊತ್ತಿಲ್ಲದೆ ಬೇನೆ ತಂದವಳು ತಾನು ಎಂಬುದನ್ನೂ.

ಮೊದಲು ಬಾಯಿ ತೆರೆದವಳು ಹಸೀನಾಬೇಗಂ. "ನಮ್ಮ ಅಂಗಳಕ್ಕ ಒಂದು ಬೆಕ್ಕು ಬಂದ್ರ ಮಂದಿ ಅದನ್ನ ಎತ್ತಿಕೊಂಡು ಓಡತಿದ್ರು ಅಕ್ಕಾ, ಇವ ಕೊಲ್ತಾನ ಅಂತ. ಹದಿನೈದು ವರ್ಷ! ನೀ ಈಗ ಬಂದು ಗೊತ್ತಿರಲಿಲ್ಲ ಅಂತಿ. ನನಗೇನೂ ಗೊತ್ತಿಲ್ಲ ಅಂತ ಅವತ್ತ ಇವ್ರೂ ಹೇಳಿದ್ರು. ಯಾರು ಕೇಳಿದ್ರು?"

ರಾಜಾಸಾಬ ಹೆಂಡತಿಗೆ ಸುಮ್ಮನಿರು ಎಂದು ಸನ್ನೆ ಮಾಡಿ ಕಾಗದವನ್ನು ಹುಲಿಗವ್ವನ ಕೈಗೆ ತಿರುಗಿ ಕೊಟ್ಟ. "ನಾ ಕೊಂದಿಲ್ಲ ಅಂತ ನನಗ ಗೊತ್ತೈತಲ್ಲ ಅಕ್ಕಾ. ನನಗ್ಯಾಕ ಹೇಳ್ತಿ? ಯಾವ ಗೇಟಿನ ಮುಂದ ಅಂದಾರೋ ಅಲ್ಲಿ ಹೋಗಿ ಹೇಳು. ಆಮ್ಯಾಲ ಬಾ. ಆಮ್ಯಾಲ ಕುಂತು ಊಟ ಮಾಡೂಣು."

ಮರುದಿನ ಊಟದ ಹೊತ್ತಿಗೆ ಹುಲಿಗವ್ವ ಕೆಂಪು ಗೇಟಿನ ಗಿರಣಿಗೆ ಹೋದಳು. ಹಮಾಲರೆಲ್ಲ ಒಂದೆಡೆ ಕೂಡುವ ಹೊತ್ತು ಅದೇ. ವೆಂಕೋಬ ಶೆಟ್ಟರು ತೀರಿಕೊಂಡು ಆರು ವರ್ಷವಾಗಿತ್ತು. ಮಗ ರವಿಕುಮಾರ ಗಾಜಿನ ಕೋಣೆಯಲ್ಲಿ ಕೂತಿದ್ದ. ಅಂಗಳದಲ್ಲಿ ಒಂದೂ ಬೆಕ್ಕಿಲ್ಲ. ಇಲಿಗೆ ಈಗ ಅಂಟಿನ ಹಲಗೆ ಇಡುತ್ತಿದ್ದರು. ಹಮಾಲರು ಬಿಹಾರದ ಹೊಸ ಹುಡುಗರು, ತಮ್ಮ ಭಾಷೆಯಲ್ಲಿ ಮಾತಾಡುತ್ತ ಉಣ್ಣುತ್ತಿದ್ದರು.

ರವಿಕುಮಾರ ಮರ್ಯಾದಸ್ಥ. ಎದ್ದು ನಿಂತು ಬರಮಾಡಿಕೊಂಡ, ವರದಿಯನ್ನು ತಿರುವಿ ನೋಡಿದ. "ಭಾಳ ಛಲೋ ಕೆಲಸ ಮಾಡೀರಿ ಅಮ್ಮಾರ. ಆದ್ರ ನಮ್ಮಲ್ಲಿ ಈಗ ಬೆಕ್ಕು ಇಲ್ಲಲ್ರಿ."

"ನಾ ಬೆಕ್ಕಿನ ಮಾತಿಗೆ ಬಂದಿಲ್ಲಪ್ಪಾ. ರಾಜಾಸಾಬನ ಮಾತಿಗೆ ಬಂದೀನಿ."

"ಯಾವ ರಾಜಾಸಾಬ್ರಿ?"

ಹುಲಿಗವ್ವ ಸುತ್ತಲೂ ನೋಡಿದಳು. ಅವತ್ತು ಗೇಟಿನ ಮುಂದೆ ನಿಂತು ಕೇಳಿದವರಲ್ಲಿ ಒಬ್ಬರೂ ಅಲ್ಲಿರಲಿಲ್ಲ. ಬೈದವರಿಲ್ಲ, ನಂಬಿದವರಿಲ್ಲ. ಅವನ ಹೆಸರನ್ನು ತೊಳೆಯಬೇಕೆಂದರೆ ಮೊದಲು ತಾನೇ ಇವರೆದುರು ಅದಕ್ಕೆ ಹೊಲಸು ಮೆತ್ತಬೇಕಾಗಿತ್ತು. ಎಂಥ ಹಾಳು ಕೆಲಸ! ಹದಿನೈದು ವರ್ಷದ ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳಬೇಕೋ ಆಕೆಗೆ ತಿಳಿಯಲಿಲ್ಲ. ಸುಮ್ಮನೆ ತಿರುಗಿ ಹೋಗಿಬಿಡಬಹುದಿತ್ತು. ಹೋಗಲಿಲ್ಲ.

"ಮಿಷಿನ್ ಬಂದ್ ಮಾಡಸಪ್ಪಾ" ಎಂದಳು. "ಆ ಹುಡುಗ್ರಿಗೆ ಅವರ ಮಾತಿನ್ಯಾಗ ತಿಳಿಸಿ ಹೇಳಾಕ ಒಬ್ಬರನ್ನ ಕರಸು."

ಗಿರಣಿಯ ಸದ್ದು ನಿಂತಿತು. ಉಣ್ಣುತ್ತಿದ್ದ ಹುಡುಗರು ಕೈ ತಡೆದು ಆಕೆಯತ್ತ ನೋಡಿದರು. ಹುಲಿಗವ್ವ ಗೇಟಿನ ಮುಂದೆ ಹೋಗಿ ನಿಂತು, ಸೆರಗು ಸರಿಮಾಡಿಕೊಂಡಳು.

"ಇಲ್ಲಿ ರಾಜಾಸಾಬ ಅಂತ ಒಬ್ಬ ಕಾವಲುಗಾರ ಇದ್ದ. ತನ್ನ ಬುತ್ತಿ ಬೆಕ್ಕಿಗೆ ಹಾಕಾಂವ. ಅವನಿಗೆ ಮಂದಿ ಬೆಕ್ಕು ಕೊಂದವ ಅಂದ್ರು. ಕೊಂದಾಕಿ ನಾನು."